ಟೈಗರಿಗೆ ಇಟ್ಟ ಎಡೆ

ಹಿರೀಸಾವೆಯ ಪಾಲಾಕ್ಷ ತನ್ನ ನಾಯಿಗೆ ಉಣ್ಣೆಯ ಅಂಗಿ ಹೊಲಿಸಿದ್ದಾನೆಂಬ ಸುದ್ದಿ ದಂಡಿಗನಹಳ್ಳಿಗೆ ಬಂದಾಗ ಕಲ್ಲಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. ಹೊಟ್ಟು ಹಾರಿಹೋದ ದಿಕ್ಕನ್ನೇ ನೋಡುತ್ತ, "ನಮ್ಮತ್ತೆ ಒಂದು ಕಂಬ್ಳಿ ಕೊಡ್ಸ್ಲಾ ಮಗಾ ಅಂತ ಕೇಳಿ ಕೇಳೀನೇ ಕಣ್ಮುಚ್ಕಂಡ್ಳು. ನಾಯಿ ಪುಣ್ಯ ಮಾಡಿತ್ತು ಬುಡು" ಅಂದಳು.

ಪಾಲಾಕ್ಷ ಅವಳ ಗಂಡ ಹೊನ್ನಯ್ಯನ ತಮ್ಮ. ಅಣ್ಣ ಊರಲ್ಲೇ ಉಳಿದು ಹೊಲ ಗೇಯ್ದ. ತಮ್ಮ ಹಿರೀಸಾವೆಯ ರಸ್ತೆ ಬದಿಗೆ ಹೋಗಿ ಹೋಟೆಲಿಟ್ಟ. ಬೆಂಗಳೂರಿಗೂ ಹಾಸನಕ್ಕೂ ಹೋಗುವ ಬಸ್ಸುಗಳು ಅವನ ಬಾಗಿಲಲ್ಲೇ ನಿಂತು ಉಸಿರು ಬಿಡುತ್ತಿದ್ದವು. ಬಸ್ಸಿನಿಂದ ಇಳಿದವರೆಲ್ಲ ತನಗೆ ಕೈಮುಗಿಯುವುದಕ್ಕೇ ಇಳಿದಿದ್ದಾರೆಂದು ಪಾಲಾಕ್ಷನಿಗೆ ಎಂದಿನಿಂದಲೋ ಅನ್ನಿಸತೊಡಗಿತ್ತು. ಪಂಚಾಯ್ತಿ ಚುನಾವಣೆ ಬರುತ್ತದೆಂದು ಗೊತ್ತಾದ ಮೇಲಂತೂ ಅವನ ಕತ್ತು ಕೆಳಗೆ ಬಾಗುವುದನ್ನೇ ಬಿಟ್ಟಿತು. ಚೇರ್ಮನ್ ಆಗಬೇಕು. ಚೇರ್ಮನ್ ಆಗುವವನ ಬಾಗಿಲಲ್ಲಿ ಬೀದಿನಾಯಿ ಮಲಗಿರಬಾರದು. ಅರಕಲಗೂಡಿನಾಚೆ ಕಾಫಿ ತೋಟವಿದ್ದ ಬಿಳಿಯ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, ಪಾಲಾಕ್ಷ ಅಲ್ಲಿಗೆ ಹೋಗಿ ಅವನ ನಾಯಿಯನ್ನು ತಂದ. ಕಂದು ಮೈ, ಕಪ್ಪು ಬೆನ್ನು, ನೆಟ್ಟಗೆ ನಿಂತ ಕಿವಿ. ಹೆಸರು ಟೈಗರ್.

ಟೈಗರಿಗೆ ಬೆಳಿಗ್ಗೆ ಹಾಲಲ್ಲಿ ನೆನೆಸಿದ ಬನ್ನು, ಮಧ್ಯಾಹ್ನ ತುಪ್ಪದ ಅನ್ನ. ಭಾನುವಾರ ಬಿಸಿನೀರು, ಸಾಬೂನು. ಕೂರುವುದಕ್ಕೆ ಒಂದು ಗೋಣಿ, ಆ ಗೋಣಿಯ ಮೇಲೊಂದು ಜಮಖಾನ. ಹೋಟೆಲಿನ ಹುಡುಗರು ಕೈ ತಡವಾದರೆ ಏಟು ತಿನ್ನುತ್ತಿದ್ದರು, ನಾಯಿ ತಡವಾಗಿ ಎದ್ದರೆ ಎಲ್ಲರೂ ಪಿಸುಮಾತಾಡಬೇಕಿತ್ತು. ಗಿರಾಕಿಗಳ ಎದುರು ಪಾಲಾಕ್ಷ "ಟೈಗರ್, ಸಿಟ್!" ಅನ್ನುವನು. ನಾಯಿ ಕೂರುವುದು. ಕಾಫಿ ಕುಡಿಯುತ್ತಿದ್ದ ಕೆಂಚಯ್ಯ ಒಮ್ಮೆ, "ಅದು ಕುಂತ್ಕತ್ತೆ ಬುಡಪ್ಪಾ. ನಿನ್ಗೆ ಯಾರ್ ಅಂಗಂದ್ರೆ ಕುಂತ್ಕತೀಯೆ?" ಅಂದ. ಆ ದಿನದಿಂದ ಕೆಂಚಯ್ಯನಿಗೆ ಆ ಹೋಟೆಲಿನಲ್ಲಿ ಕಾಫಿ ತಣ್ಣಗೇ ಸಿಗುತ್ತಿತ್ತು.

ಇಂಥವನು ಬೈರೇದೇವರ ಪೆಟ್ಟಿಗೆ ಕೇಳಿದ.

ಅವರದು ಬೈರೇದೇವರ ಒಕ್ಕಲು. ದೇವರಿಗೆ ಗುಡಿಯಿಲ್ಲ. ಒಂದು ಬಿದಿರ ಪೆಟ್ಟಿಗೆ. ಅದರೊಳಗೆ ಹಿತ್ತಾಳೆಯ ಮುಖ, ಒಂದು ಗಂಟೆ, ಅಂಗೈ ಉದ್ದದ ತ್ರಿಶೂಲ. ಪೆಟ್ಟಿಗೆ ಇದ್ದ ಮನೆಯೇ ಗುಡಿ. ಹೊನ್ನಯ್ಯ ಬದುಕಿದ್ದಷ್ಟು ಕಾಲ ಅದು ಅವನ ಮನೆಯ ಮೂಲೆಯಲ್ಲಿತ್ತು. ಕಲ್ಲಮ್ಮ ಮದುವೆಯಾಗಿ ಬಂದ ಸಂಜೆ ಅದರ ಮುಂದೆ ದೀಪ ಹಚ್ಚಿದವಳು, ಮತ್ತೆ ಯಾವ ಸಂಜೆಯೂ ತಪ್ಪಿಸಿರಲಿಲ್ಲ. ಮಕ್ಕಳಾಗಲಿಲ್ಲ, ದೇವರ ಮುಂದೆ ಕೂತು ಜಗಳವಾಡಿದಳು. ಗಂಡ ಸತ್ತ, ಆ ದೇವರ ಮುಂದೆಯೇ ಕೂತು ಅತ್ತಳು. ಅವನು ಕೇಳಿಸಿಕೊಂಡ. ದೇವರು ಮಾಡುವುದು ಬಹಳ ಸಲ ಅಷ್ಟೇ, ಕೂತವರಿಗೆ ಅದು ಸಾಕಾಗುತ್ತದೆ.

ಈಗ ಹೊನ್ನಯ್ಯ ಹೋಗಿ ವರ್ಷ ತುಂಬಿತ್ತು. ಪೆಟ್ಟಿಗೆ ಗಂಡಸಿರುವ ಮನೆಗೆ ಬರಬೇಕೆಂದು ಪಾಲಾಕ್ಷ ಒಕ್ಕಲಿನ ಹಿರಿಯ ಗಿಡ್ಡಯ್ಯನ ಮುಂದೆ ಕೂತ. ಪೆಟ್ಟಿಗೆ ಇದ್ದ ಮನೆಗೆ ಒಕ್ಕಲೆಲ್ಲ ಬರುತ್ತದೆ, ಒಕ್ಕಲೆಲ್ಲ ಬಂದರೆ ಓಟೂ ಬರುತ್ತದೆ ಎಂಬ ಲೆಕ್ಕ ಗಿಡ್ಡಯ್ಯನಿಗೂ ಗೊತ್ತಿತ್ತು. ಆದರೆ ಆ ಮುದುಕ ಪದ್ಧತಿ ಬಿಡುವವನಲ್ಲ.

"ಕೇಳೋ ಅಕ್ಕು ನಿನ್ಗಯ್ತೆ. ಒಪ್ಪೋದು ಬಿಡೋದು ಬೈರಪ್ಪಂದು. ಕಾರ್ತಿಕದ ಪರದಲ್ಲಿ ನಿನ್ ಮನೆ ಅಂಗ್ಳದಲ್ಲೇ ಎಡೆ ಇಕ್ಕಾನ. ನಿನ್ ಮನೆ ನಾಯಿ ಉಂಡ್ರೆ ಪೆಟ್ಗೆ ನಿಂದು."

ನಾಯಿ ಬೈರವನ ವಾಹನ. ಪೆಟ್ಟಿಗೆ ಹೊಸ ಮನೆಗೆ ಹೋಗಬೇಕಾದಾಗ, ಸಗಣಿ ಸಾರಿಸಿದ ನೆಲದಲ್ಲಿ ಎಲೆ ಹಾಕಿ ರಾಗಿಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟು, ಆ ಮನೆಯ ನಾಯಿಯನ್ನು ಹಗ್ಗ ಬಿಚ್ಚಿ ಬಿಡುತ್ತಾರೆ. ಯಾರೂ ಕರೆಯುವಂತಿಲ್ಲ, ಚಿಟಿಕೆ ಹಾಕುವಂತಿಲ್ಲ. ನಾಯಿ ತಾನಾಗಿ ಬಂದು ಉಂಡರೆ ದೇವರು ಒಪ್ಪಿದ. ಮುಖ ತಿರುಗಿಸಿದರೆ, ಪೆಟ್ಟಿಗೆ ಯಾರ ತಲೆಯ ಮೇಲೆ ಬಂತೋ ಅವರ ತಲೆಯ ಮೇಲೇ ವಾಪಸ್ಸು.

ಇದನ್ನು ಕೇಳಿ ಕಲ್ಲಮ್ಮ ಮೊದಲ ಸಲ ನಕ್ಕಳು. ಬನ್ನು ತಿನ್ನುವ ನಾಯಿ ಮುದ್ದೆ ಮುಟ್ಟೀತೇ? "ಬೈರಪ್ಪಾ, ಅವ್ನ ಕೊಬ್ಬೇ ಅವ್ನಿಗೆ ಅಡ್ಡ ಮಲೀಕತ್ತೆ" ಎಂದು ದೀಪಕ್ಕೆ ಎಣ್ಣೆ ಹೆಚ್ಚಾಗೇ ಬಿಟ್ಟಳು.

ಒಕ್ಕಲೆಲ್ಲ ಕೂಡಿ ಉಣ್ಣುವ ಆ ಪರದ ಹಿಂದಿನ ದಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹಿರೀಸಾವೆಗೆ ಹೋದಳು. ಪಾಲಾಕ್ಷ ಬಾಗಿಲಲ್ಲಿ ನಿಂತು ಯಾರಿಗೋ ರಸ್ತೆ ಅಗಲ ಮಾಡಿಸುವ ಮಾತಾಡುತ್ತಿದ್ದ. ಅತ್ತಿಗೆಯನ್ನು ಕಂಡು ಕೈಮುಗಿದ. ಮುಗಿದದ್ದು ಪೆಟ್ಟಿಗೆಗೋ, ನೋಡುತ್ತಿದ್ದವರಿಗೋ, ಹೇಳುವುದು ಕಷ್ಟ. ಜಮಖಾನ ಖಾಲಿಯಿತ್ತು.

"ಎಲ್ಲವ್ವಾ ನಿಮ್ ದೊರೆ?" ಎಂದು ಅವನ ಹೆಂಡತಿ ಮಲ್ಲಿಗಮ್ಮನನ್ನು ಕೇಳಿದಳು.

ಮಲ್ಲಿಗಮ್ಮ ಆ ಕಡೆ ಈ ಕಡೆ ನೋಡಿದಳು. "ಕೊಟ್ಗೇಲಿ ಕಟ್ಟಾಕವ್ರೆ ಕಣಕ್ಕಾ. ಮುದ್ದೆ ಇಕ್ಕಿ ನೋಡುದ್ರು, ಮೂಸ್ಬುಟ್ಟು ಇವ್ರ ಮಕಾನೇ ನೋಡ್ತು, ಇದೇನ್ಲಾ ತಂದಿದ್ದೀಯ ಅನ್ನೋ ಅಂಗೆ. ಮೊನ್ನೆಯಿಂದ ಬರೀ ನೀರು. ನಾನೇನಾರ ಇಕ್ಕುದ್ರೆ ನನ್ಗೂ ಅದೇ ಕೊಟ್ಗೆ ಅಂದವ್ರೆ."

ಕಲ್ಲಮ್ಮ ಕೊಟ್ಟಿಗೆಗೆ ಹೋದಳು. ಬಯ್ಯುವುದಕ್ಕೆಂದೇ ಹೋದಳೆನ್ನಬೇಕು, ಆ ನಾಯಿಯ ಸೊಕ್ಕಿಗೆ ನಾಲ್ಕು ಮಾತು ಕೂಡಿಟ್ಟುಕೊಂಡು ಬಂದಿದ್ದಳು. ಟೈಗರ್ ಹುಲ್ಲಿನ ಮೆದೆಯ ಪಕ್ಕ ಗಿಡ್ಡ ಸರಪಳಿಯಲ್ಲಿ ನಿಂತಿತ್ತು. ಹೊಟ್ಟೆ ಬೆನ್ನಿಗೆ ಹತ್ತಿತ್ತು. ಬೊಗಳಲಿಲ್ಲ. ಒಂದೆರಡು ಸಲ ಬಾಲ ಆಡಿಸಿ, ಅದಕ್ಕೂ ಸುಸ್ತಾಗಿ, ಅವಳ ಕೈಯನ್ನೇ ನೋಡಿತು. ಪಕ್ಕದಲ್ಲಿ ಅನ್ನದ ತಟ್ಟೆ. ನೆಕ್ಕಿ ನೆಕ್ಕಿ ಪಿಂಗಾಣಿಯ ಬಣ್ಣ ಹೊಳೆಯುತ್ತಿತ್ತು.

ಅವಳು ಒಳಕ್ಕೆ ಹೋಗಿ ತನಗೆಂದು ಕೊಟ್ಟ ಅಂಬಲಿಯ ಬಟ್ಟಲನ್ನು ಎತ್ತಿಕೊಂಡು ಬಂದಳು. ಬಗ್ಗಿದಳು. ಬಟ್ಟಲು ನೆಲ ಮುಟ್ಟುವ ಮೊದಲೇ ಒಂದು ಯೋಚನೆ ಮುಟ್ಟಿತು. ಈಗ ಇದರ ಹೊಟ್ಟೆ ತುಂಬಿದರೆ ನಾಳೆ ಮುದ್ದೆ ಮುಟ್ಟುವುದಿಲ್ಲ. ಪೆಟ್ಟಿಗೆ ನನಗೇ ವಾಪಸ್ಸು. ಹಾಗನ್ನಿಸಿದ ಕೂಡಲೇ ಎದೆಯೊಳಗೆ ಏನೋ ಕುಣಿಯಿತು. ಕುಣಿದದ್ದು ಕನಿಕರವಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ಇಷ್ಟು ವರ್ಷ ದೀಪ ಹಚ್ಚಿದ ಕೈ ಇದೇನಾ? ಹಸಿದ ನಾಯಿಯನ್ನು ಅವನು ಹಸಿವಿನಿಂದ ಆಡಿಸುತ್ತಿದ್ದಾನೆ, ನಾನು ಅಂಬಲಿಯಿಂದ ಆಡಿಸುತ್ತೇನೆ. ಅವನಿಗೆ ಉಗಿಯುವ ಬಾಯಿಯಲ್ಲಿ ಅರ್ಧ ಎಂಜಲನ್ನು ನನಗೇ ಉಳಿಸಿಕೊಳ್ಳಬೇಕು.

ಬಟ್ಟಲನ್ನು ಎತ್ತಿಕೊಂಡು ಹಿಂದಿರುಗಿದಳು. ನಾಯಿ ಸರಪಳಿ ಎಳೆದ ಸದ್ದು ಅಡಿಗೆಮನೆಯವರೆಗೂ ಬಂತು. ಕೊಡದೆ ಬಂದದ್ದೂ ಸರಿಯಲ್ಲವೆಂದು ಗೊತ್ತಿತ್ತು. ಅಂಬಲಿಯನ್ನು ಕುಡಿಯಲಾಗದೆ ಹಸುವಿನ ಕಲಗಚ್ಚಿಗೆ ಸುರಿದಳು.

ಬೆಳಿಗ್ಗೆ ಅಂಗಳ ತುಂಬಿತು. ಗಿಡ್ಡಯ್ಯ ಮಡಿಯುಟ್ಟು ಪೆಟ್ಟಿಗೆ ತೆರೆದ. ಹಿತ್ತಾಳೆಯ ಮುಖಕ್ಕೆ ಕುಂಕುಮವಿಟ್ಟ. ಪಾಲಾಕ್ಷ ಇಸ್ತ್ರಿ ಮಾಡಿದ ಬಿಳಿ ಜುಬ್ಬಾದಲ್ಲಿ, ಸರಪಳಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನಿಂತಿದ್ದ. ಎಲೆಯ ಮೇಲೆ ಬಿಸಿ ಮುದ್ದೆ ಬಿದ್ದಿತು. ಸಾರಿನ ವಾಸನೆಗೆ ಟೈಗರಿನ ಮೈಯೆಲ್ಲ ನಡುಗಿ, ಬಾಯಿಂದ ಜೊಲ್ಲು ನೂಲಿನಂತೆ ಇಳಿಯಿತು.

"ಯಾಕ್ಲಾ ಪಾಲಾಕ್ಷ, ನಿನ್ ದೊರೆ ಇಂಗೆ ಸೊರಗೋಗವ್ನೆ?" ಕೆಂಚಯ್ಯ ಕೇಳಿದ. "ಎಲೆಕ್ಸನ್ಗೆ ಅವ್ನೂ ನಿಂತವ್ನಾ?"

"ಜಾತಿ ನಾಯಿ ಅಂಗೇ ಇರ್ತವೆ ಕಣಯ್ಯಾ. ನಿನ್ಗೇನ್ ಗೊತ್ತು."

"ಅಂಗಾರೆ ನಮ್ಮೂರ್ ನಾಯಿಗಳೆಲ್ಲ ಜಾತಿ ನಾಯಿಗಳೇ ಬುಡು. ಒಂದ್ರ ಹೊಟ್ಟೇಲೂ ಏನೂ ಇಲ್ಲ."

ಜನ ನಕ್ಕಿತು. ಗಿಡ್ಡಯ್ಯ ಕೈಯೆತ್ತಿ ಸುಮ್ಮನಿರಿಸಿ, "ಬುಡಪ್ಪಾ ಇನ್ನ" ಅಂದ.

ಅಷ್ಟರಲ್ಲಿ ಕಲ್ಲಮ್ಮ ಎದ್ದಳು. ಅಡಿಗೆಮನೆಗೆ ಹೋಗಿ ಅಂಬಲಿಯ ಚಟ್ಟಿಯನ್ನೇ ಎತ್ತಿಕೊಂಡು ಬಂದಳು. ಎಲೆಗೂ ನಾಯಿಗೂ ನಡುವೆ ಕುಕ್ಕುರುಗಾಲಲ್ಲಿ ಕೂತು, ಚಟ್ಟಿಯನ್ನು ಟೈಗರಿನ ಮೂತಿಗೆ ಹಿಡಿದಳು. ನಾಯಿ ಮುಖವನ್ನೆಲ್ಲ ಅದರೊಳಕ್ಕೆ ತುರುಕಿತು.

"ಅತ್ಗೇ!" ಪಾಲಾಕ್ಷ ಸರಪಳಿ ಎಳೆದ. "ಏನ್ ಮಾಡ್ತಿದ್ದೀಯಾ? ಎಡೆಗ್ ಮುಂಚೆ ತಿನ್ಸ್ತಿದ್ದೀಯಲ್ಲ! ಗಿಡ್ಡಯ್ನೋರೇ, ನೋಡಿ, ನೋಡ್ಕಳಿ! ಪೆಟ್ಗೆ ಬುಡಕ್ಕೆ ಮನ್ಸಿಲ್ಲ ಈಯಮ್ಮಂಗೆ!"

"ಎಳೀಬ್ಯಾಡ ಕಣ್ಲಾ, ಕತ್ತಿಗೆ ಸಿಕ್ಕಾಕತ್ತೆ." ಅವಳು ತಲೆಯೆತ್ತಲಿಲ್ಲ. "ಇದ್ಕೆ ಕೂಳಿಕ್ಕಿ ಏಸು ದಿನ ಆಯ್ತು, ಯೋಳ್ಲಾ."

"ಬೆಳಿಗ್ಗೇನೇ ಬನ್ ತಿಂದೈತೆ."

"ಬೈರಪ್ಪನ ಮಕ ನೋಡ್ಕಂಡು ಯೋಳು."

ಪಾಲಾಕ್ಷ ಹಿತ್ತಾಳೆಯ ಮುಖದ ಕಡೆ ನೋಡಲಿಲ್ಲ. ಬಾಗಿಲ ಕಡೆ, ಹೆಂಡತಿಯ ಕಡೆ ನೋಡಿದ. ಮಲ್ಲಿಗಮ್ಮ ಸೆರಗು ಬಾಯಿಗೆ ಹಿಡಿದು ನೆಲ ನೋಡುತ್ತಿದ್ದಳು. ಯಾರಿಗೂ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಗಿಡ್ಡಯ್ಯ ಗಂಟಲು ಸರಿಮಾಡಿಕೊಂಡ. "ನಾಯಿ ಈಗ ಎಡೆ ಮುಟ್ಟಾಕಿಲ್ಲ. ಮುಟ್ಟುದ್ರೂ ಲೆಕ್ಕಕ್ಕಿಲ್ಲ. ಪದ್ದತಿ ಪರ್ಕಾರ ಪೆಟ್ಗೆ ಕಲ್ಲವ್ವನ್ ತಲೆ ಮ್ಯಾಲೇ ವಾಪಸ್ ಓಗ್ಬೇಕು."

"ಓ! ಅದ್ಕೇ ಅಲ್ವಾ ತಿನ್ಸಿದ್ದು!" ಪಾಲಾಕ್ಷ ಜನರ ಕಡೆ ತಿರುಗಿ ಭಾಷಣದ ದನಿ ತೆಗೆದ. "ಕನಿಕರ ಅಂತೆ! ನಾನ್ ನಾಯೀನ ಉಪಾಸ ಕೆಡುವ್ದೆ, ಒಪ್ಕತೀನಿ, ದೇವ್ರಿಗೋಸ್ಕರ ಕೆಡುವ್ದೆ. ಈಯಮ್ಮ ಯಾರಿಗೋಸ್ಕರ ಇಕ್ಕುದ್ಲು? ಕೇಳಿ!"

ಮೂರ್ಖನ ಬಾಯಲ್ಲೂ ಒಮ್ಮೊಮ್ಮೆ ನಮ್ಮದೇ ಪ್ರಶ್ನೆ ಬಂದುಬಿಡುತ್ತದೆ. ಕಲ್ಲಮ್ಮನಿಗೆ ಸಿಟ್ಟು ಬರಲಿಲ್ಲ. ಚಟ್ಟಿಯನ್ನು ನಾಯಿಯ ಬಾಯಿಂದ ಬಿಡಿಸಿ, ಸೀರೆಗೆ ಕೈ ಒರೆಸಿಕೊಂಡು ಎದ್ದಳು. ಪೆಟ್ಟಿಗೆಯ ಮುಂದೆ ಹೋಗಿ ನಿಂತಳು. ಹಿತ್ತಾಳೆಯ ಕಣ್ಣು ಅವಳ ಕಣ್ಣನ್ನು ಎಷ್ಟೋ ಸಂಜೆ ನೋಡಿತ್ತು. ಬಗ್ಗಿ ನೆಲಕ್ಕೆ ಹಣೆ ಹಚ್ಚಿದಳು. ಏಳುವುದಕ್ಕೆ ಸ್ವಲ್ಪ ತಡವಾಯಿತು.

"ಗಿಡ್ಡಯ್ನೋರೇ, ಪೆಟ್ಗೆ ಇಟ್ಕಂಡೋಳೇ ಇಳ್ಸಿ ಬುಟ್ರೆ?"

ಮುದುಕ ಅವಳನ್ನೇ ನೋಡಿದ. "ತಾನಾಗೇ ಇಳ್ಸುದ್ರೆ ಯಾರೂ ಬ್ಯಾಡ ಅನ್ನೋ ಅಂಗಿಲ್ಲ. ಯೋಚ್ನೆ ಮಾಡವ್ವಾ. ಇಳ್ಸಿದ್ ಮ್ಯಾಲೆ ಮತ್ತೆ ಕೇಳೋ ಅಂಗೂ ಇಲ್ಲ."

"ಇಳ್ಸಿವ್ನಿ." ಅವಳು ಪಾಲಾಕ್ಷನ ಕಡೆ ತಿರುಗಿದಳು. "ತಗಳಪ್ಪಾ ಚೇರ್ಮನ್ನು. ಅದ್ರ ಮುಂದೆ ನಿಂತು ಪೋಟಾ ಇಡಿಸ್ಕ. ಓಟು ಕೇಳ್ಕ. ನಾನ್ ಯಾರಿಗೋಸ್ಕರ ಇಕ್ದೆ ಅಂದಲ್ಲ, ಈಗ್ ಯೋಳು."

ಪಾಲಾಕ್ಷನಿಗೆ ಇದು ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದದ್ದು ಪೆಟ್ಟಿಗೆ ತನ್ನದಾಯಿತು ಎಂಬಷ್ಟು ಮಾತ್ರ. ಮುಖ ಅರಳಿತು. ನಾಚಿಕೆಗೆಂದು ದೇವರು ಮನುಷ್ಯನ ಮುಖದಲ್ಲಿ ಇಟ್ಟ ಜಾಗವನ್ನೆಲ್ಲ ಅವನು ನಗುವಿಗೇ ಬಾಡಿಗೆಗೆ ಕೊಟ್ಟಿದ್ದ.

"ನೀನ್ ದೊಡ್ ಮನ್ಸಿನೋಳು ಅತ್ಗೆ" ಅಂದ.

"ಸಾಕು ಮುಚ್ಲಾ. ನಾಯಿ ಸರಪ್ಳಿ ಇಲ್ ಕೊಡು."

"ಆಂ? ಟೈಗರ್ನಾ?" ದೇವರು ಬಂದಾಗ ತಡೆಯದ ಮಾತು ನಾಯಿ ಹೋಗುವಾಗ ತಡೆಯಿತು. "ಅದ್ ದೊರೆ ಸಾಕಿದ್ದು ಕಣತ್ಗೆ. ಅಂಥ ತಳಿ ಜಿಲ್ಲೇಲೇ ಇಲ್ಲ. ನಿನ್ ಮನೇಲಿ ಅದ್ಕೆ ಏನ್ ಇಕ್ಕೀಯ?"

"ದಿನಾ ಇಕ್ತೀನಿ."

ಅಂಗಳದಲ್ಲಿ ಯಾರೋ ನಕ್ಕರು. ಇನ್ನೊಬ್ಬರು ಸೇರಿಕೊಂಡರು. ಪಾಲಾಕ್ಷ ಕೆಂಚಯ್ಯನ ಮುಖ ನೋಡಿದ, ಗಿಡ್ಡಯ್ಯನ ಮುಖ ನೋಡಿದ. ಮುಖಗಳನ್ನೆಲ್ಲ ಓಟುಗಳಾಗಿ ಎಣಿಸಿ, ಕೈಯ ಸುತ್ತು ಬಿಚ್ಚಿ ಸರಪಳಿ ಕೆಳಗೆ ಬಿಟ್ಟ. "ತಕ್ಕಂಡೋಗು. ಕೂಳಿಗೆ ದಂಡವಾಗಿತ್ತು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಊಟಕ್ಕೆ ನಿಲ್ಲೆಂದು ಮಲ್ಲಿಗಮ್ಮ ಕೈ ಹಿಡಿದಳು. ಕಲ್ಲಮ್ಮ ನಿಲ್ಲಲಿಲ್ಲ. ಉಳಿದ ಅಂಬಲಿಯನ್ನು ಮುಚ್ಚಳದ ತಂಬಿಗೆಗೆ ಹಾಕಿಸಿಕೊಂಡು ಹೊರಟಳು.

ಬರುವಾಗ ತಲೆಯ ಮೇಲೆ ಭಾರವಿತ್ತು; ಈಗ ಇಲ್ಲದ ಆ ಭಾರಕ್ಕೆ ಕತ್ತು ನೋಯುತ್ತಿತ್ತು. ಹಿರೀಸಾವೆ ದಾಟಿ ಸ್ವಲ್ಪ ದೂರ ಬಂದ ಮೇಲೆ ಟೈಗರ್ ನಿಂತುಬಿಟ್ಟಿತು. ಬೆನ್ನು ಗೂನು ಮಾಡಿ, ಕುಡಿದದ್ದನ್ನೆಲ್ಲ ಮೋರಿಯ ಪಕ್ಕ ಕಕ್ಕಿತು. ಕಕ್ಕಿದ್ದನ್ನೇ ಮತ್ತೆ ನೆಕ್ಕಲು ಹೋಯಿತು.

"ಥೂ, ಬ್ಯಾಡ್ವೋ! ದೊರೆ ಮನೇಲಿ ಇದ್ನೇ ಕಲ್ಸಿದ್ರಾ?" ಅವಳು ಸರಪಳಿ ಎಳೆದು ಪಕ್ಕಕ್ಕೆ ತಂದಳು. ಹುಲ್ಲು ಕಿತ್ತು ಅದರ ಬಾಯಿ ಒರೆಸಿದಳು. ಮೋರಿಯ ಕಟ್ಟೆಯ ಮೇಲೆ ಕೂತು, ಅಂಗೈಯಲ್ಲಿ ಒಂದು ಗುಟುಕಿನಷ್ಟು ಅಂಬಲಿ ಹಿಡಿದಳು. "ನಿಧಾನಕ್ಕೆ. ಅವ್ನ್ ಸಾವಾಸ ಮಾಡಿ ನೀನೂ ಬಾಚ್ಕಳದು ಕಲ್ತಿದ್ದೀಯ. ನಿಧಾನಕ್ಕೆ ಅಂದ್ನಲ್ಲ."

ನಾಯಿ ಅಂಗೈ ನೆಕ್ಕಿತು. ಕಾದಳು. ಕಕ್ಕಲಿಲ್ಲ. ಇನ್ನೊಂದು ಗುಟುಕು ಕೊಟ್ಟಳು. ಸಂಜೆಗೆ ಮನೆ ಸೇರಬೇಕು, ದೀಪ ಹಚ್ಚಬೇಕು. ಯಾವುದರ ಮುಂದೆ ಎನ್ನುವುದು ಹೊಳೆಯಲಿಲ್ಲ. ಖಾಲಿ ಮೂಲೆಯ ಮುಂದೆಯೇ ಹಚ್ಚುವುದು. ಕತ್ತಲು ಅಲ್ಲಿಗೂ ಬರುತ್ತದಲ್ಲ.

"ಏಳ್ಲಾ ಸೋಮಾರಿ" ಅಂದಳು, ಇನ್ನೂ ಒಂದು ಗುಟುಕು ಸುರಿದುಕೊಳ್ಳುತ್ತ. "ಇದೊಂದು ಕುಡ್ದು ಏಳು."