ಉಪ್ಪುನೀರಿನ ವಂಶ

"ಒಂದೇ ಒಂದು ಮಾತು. ಪ್ರಯೋಗಶಾಲೇಲಿ ಆಗಿದ್ದು ಬರೀ ಪ್ರಯೋಗ, ಅದು ವಿಕಾಸಕ್ಕೆ ಸಾಕ್ಷಿ ಅಲ್ಲ ಅಂತ ಕ್ಲಾಸಲ್ಲಿ ಹೇಳಿಬಿಡು. ನಿನ್ನ ಗಂಟೇನು ಹೋಗುತ್ತೆ?" ಎಂದರು ಪ್ರಿನ್ಸಿಪಾಲರು.

ಜೀವಶಾಸ್ತ್ರದ ಮೇಡಂ ಕೂರಲೇ ಇಲ್ಲ. ಪ್ರಿನ್ಸಿಪಾಲರು ಅವಳ ಅಕ್ಕನ ಗಂಡ. ಎಲ್ಲರೆದುರು 'ಮೇಡಂ', 'ಸರ್' ಎಂದು ನಡೆಯುವ ಮಾತು ಬಾಗಿಲು ಮುಚ್ಚಿದ ಕೂಡಲೇ 'ನೀನು', 'ಭಾವ' ಆಗುತ್ತಿತ್ತು. ಇಂಥ ಮಾತು ಆಡಬೇಕಾದಾಗ ಜನರಿಗೆ ನೆಂಟಸ್ತಿಕೆ ಎಷ್ಟು ಬೇಗ ನೆನಪಾಗುತ್ತದೆ!

ಆಗಿದ್ದಿಷ್ಟು. ಕಾಲೇಜಿನ ಅಧ್ಯಕ್ಷರು ಪ್ರಯೋಗಶಾಲೆಗೆ ಬಂದಾಗ, 'ಇಲ್ಲಿ ವಿಕಾಸ ನಡೆಯುತ್ತಿದೆ' ಎಂದು ಹುಡುಗಿಯರು ಗೋಡೆಗೆ ಅಂಟಿಸಿದ್ದ ಹಾಳೆ ಅವರ ಕಣ್ಣಿಗೆ ಬಿತ್ತು. ವಿಕಾಸವಾದವನ್ನೇ ಒಪ್ಪದ ಅವರಿಗೆ ಅದು ಮುಳ್ಳಾಗಿ ಚುಚ್ಚಿತು. ಸಂಜೆಯೊಳಗೆ ಪ್ರಿನ್ಸಿಪಾಲರಿಗೆ ಬುಲಾವು ಬಂತು.

ಹಾಳೆಯಲ್ಲಿದ್ದದ್ದು ಸುಳ್ಳಲ್ಲ. ಮೇಡಂ ವರ್ಷಗಳಿಂದ ನಿರುಪದ್ರವಿ ಬ್ಯಾಕ್ಟೀರಿಯಾವೊಂದನ್ನು ಗಾಜಿನ ಕೊಳವೆಗಳಲ್ಲಿ ಬೆಳೆಸುತ್ತಿದ್ದಳು. ರಜೆಯಿರಲಿ, ಜ್ವರವಿರಲಿ, ದಿನಾ ಬೆಳಿಗ್ಗೆ ನಿನ್ನೆಯ ಕೊಳವೆಯಿಂದ ಒಂದು ಹನಿ ತೆಗೆದು ಹೊಸ ದ್ರವಕ್ಕೆ ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹುಡುಗಿಯರು ಬೆನ್ನ ಹಿಂದೆ ಅವಳನ್ನು 'ಹೆಪ್ಪಮ್ಮ' ಎನ್ನುತ್ತಿದ್ದುದು ಅವಳಿಗೂ ಗೊತ್ತಿತ್ತು. ದ್ರವಕ್ಕೆ ಅವಳು ಸ್ವಲ್ಪ ಸ್ವಲ್ಪವೇ ಉಪ್ಪು ಹೆಚ್ಚಿಸುತ್ತ ಬಂದಿದ್ದಳು. ಮೊದಲಿನ ಬ್ಯಾಕ್ಟೀರಿಯಾ ಸತ್ತೇ ಹೋಗುವಷ್ಟು ಉಪ್ಪಿನಲ್ಲಿ ಈಗಿನವು ಹಾಯಾಗಿ ಬೆಳೆಯುತ್ತಿದ್ದವು.

"ಅಧ್ಯಕ್ಷರು ಹೇಳೋದ್ರಲ್ಲೂ ಅರ್ಥ ಇದೆ," ಎಂದರು ಭಾವ. "ಉಪ್ಪು ಹಾಕಿದ್ದು ನೀನು. ಅಂದ್ಮೇಲೆ ನೀನೇ ಮಾಡಿಸಿದ ಹಾಗಾಯ್ತು. ಅಷ್ಟಾದ್ರೂ ಬ್ಯಾಕ್ಟೀರಿಯಾ ಬ್ಯಾಕ್ಟೀರಿಯಾನೇ ಆಗಿ ಉಳೀತಲ್ಲ, ಕೋತಿ ಆಗ್ಲಿಲ್ವಲ್ಲ."

"ಕೋತಿ ಆಗಿದ್ರೆ ವಿಕಾಸವಾದ ಸುಳ್ಳು ಅಂತ ನಾನೇ ಕೈ ಮುಗಿದುಬಿಡ್ತಿದ್ದೆ. ಉಪ್ಪು ಹಾಕಿದ್ದು ನಾನು, ಸರಿ. ಯಾವುದಕ್ಕೆ ಯಾವ ಬದಲಾವಣೆ ಬರ್ಬೇಕು ಅಂತ ಕಿವೀಲಿ ಊದಿದ್ನಾ? ಉಪ್ಪುನೀರಿನ ಕೆರೆ ಬತ್ತಿದಾಗ್ಲೂ ಉಪ್ಪು ಹೆಚ್ಚುತ್ತೆ, ಭಾವ. ಅದಕ್ಕೆ ಯಾವ ಮೇಡಮ್ಮೂ ಬೇಕಾಗಿಲ್ಲ."

"ಕೋಟಿಗಟ್ಟಲೆ ವರ್ಷದ ಕಥೆ ನಿನ್ನ ಕೊಳವೇಲಿ ಸಾಬೀತಾಯ್ತು ಅನ್ನು ಹಾಗಾದ್ರೆ."

"ಪೂರ್ತಿ ಕಥೆಗೆ ಮೂಳೆ ಬೇಕು, ಕಲ್ಲು ಬೇಕು, ಎಲ್ಲ ಬೇಕು. ಅದನ್ನೂ ಪಾಠ ಮಾಡ್ತೀನಿ. ಆದ್ರೆ ಬದಲಾವಣೆ ಹೇಗೆ ಆಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ. ಮೊದಲಿನವನ್ನ, ಈಗಿನವನ್ನ ಪಕ್ಕಪಕ್ಕ ಇಟ್ಟು ಯಾವತ್ತು ಬೇಕಾದ್ರೂ ತೋರಿಸ್ತೀನಿ, ಕರ್ಕೊಂಡು ಬನ್ನಿ ಅವ್ರನ್ನ. ಕಣ್ಣಾರೆ ಕಂಡಿದ್ದನ್ನ ಕಂಡಿಲ್ಲ ಅನ್ನು ಅಂತೀರಲ್ಲ, ನಾಚಿಕೆ ಆಗಲ್ವಾ?"

ಭಾವ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರ ಕಣ್ಣು ಮೇಜಿನ ಮೇಲಿನ ಫೋನಿನಲ್ಲೇ ಇತ್ತು. ಕೆಟ್ಟವರೇನಲ್ಲ. ಆದರೆ ಎಂದೂ ಯಾರನ್ನೂ ಎದುರು ಹಾಕಿಕೊಳ್ಳದೆ ಈ ಕುರ್ಚಿಯವರೆಗೆ ಬಂದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಸೋಮವಾರ ಅವ್ರು ಮತ್ತೆ ಬರ್ತಾರೆ. ನೀನು ಹೀಗೆ ಕೆಂಡ ಕಾರ್ತಾ ಎದುರಿಗಿದ್ರೆ ಪ್ರಯೋಗಶಾಲೆಗೇ ಬೀಗ. ಅಲ್ಲೀತನಕ ಈ ಕಡೆ ತಲೆ ಹಾಕ್ಬೇಡ. ನಿನ್ನ ಕೊಳವೆಗಳನ್ನ ನಾನೇ ನೋಡ್ಕೋತೀನಿ. ನಾನೂ ಕೆಮಿಸ್ಟ್ರಿ ಓದಿದವನು, ಒಂದು ಹನಿ ಹಾಕೋಕೆ ಬರಲ್ವಾ?"

ಅಕ್ಕನ ಮುಖ ನೋಡಿ ಅವಳು ಒಪ್ಪಿದಳು. ಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮಂಗಳವಾರ ಬೆಳಿಗ್ಗೆ ಪ್ರಯೋಗಶಾಲೆಯ ಬೀಗ ತೆಗೆದಾಗ ಕೊಳವೆಗಳೆಲ್ಲ ಸಾಲಾಗಿದ್ದವು. ಒಂದೊಂದರ ಮೇಲೂ ಭಾವನ ದುಂಡು ಅಕ್ಷರದಲ್ಲಿ ತಾರೀಖು. ಒಂದು ಹನಿಯೂ ಚೆಲ್ಲಿರಲಿಲ್ಲ. ಸಿಟ್ಟಿನ ಅರ್ಧ ಅಲ್ಲೇ ಇಳಿಯಿತು. ಪಾಪ, ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದಾರಲ್ಲ ಎನಿಸಿತು.

ಆಮೇಲೆ ಕೋಣೆ ತೀರಾ ಸದ್ದಿಲ್ಲದೆ ಇರುವುದು ಗಮನಕ್ಕೆ ಬಂತು. ಮೂಲೆಯ ದೊಡ್ಡ ಫ್ರೀಜರಿನ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ, ಫಿನಾಯಿಲ್ ವಾಸನೆ ಬಿಟ್ಟರೆ.

"ಹೇಗಿದೆ ನನ್ನ ಕೆಲಸ?" ಭಾವ ಬಾಗಿಲಲ್ಲಿ ನಗುತ್ತ ನಿಂತಿದ್ದರು.

"ಇದೇನು, ಭಾವ?"

"ಅದಾ? ಅಧ್ಯಕ್ಷರಿಗೆ ಏನನ್ನಾದ್ರೂ ಮುಚ್ಚಿಸಿದ್ದು ತೋರಿಸ್ಬೇಕಿತ್ತಲ್ಲ. ಕೊಳವೆ ಮುಟ್ಟೋಕೆ ಮಾತ್ರ ನಾನು ಬಿಡ್ಲಿಲ್ಲ. ಇದರಲ್ಲಿ ಇದ್ದಿದ್ದು ಹಳೇದು ತಾನೇ? ತೆಗೆಸಿ, ತೊಳೆಸಿಬಿಟ್ಟೆ. ಜೀವ ಇರೋದೆಲ್ಲ ಉಳೀತಲ್ಲ."

ಹಳೇದು! ಪ್ರತಿ ತಿಂಗಳೂ ಕೊಳವೆಗಳಿಂದ ಒಂದಿಷ್ಟು ತೆಗೆದು ಹಿಮಗಟ್ಟಿಸಿ ಇಡುವುದು ಈ ಕೆಲಸದ ನೇಮ. ಹಾಗೆ ಇಟ್ಟವು ಸಾಯುವುದಿಲ್ಲ, ನಿದ್ದೆ ಹೋಗುತ್ತವೆ. ಬೇಕೆಂದಾಗ ಮುತ್ತಜ್ಜಿಯನ್ನು ಎಬ್ಬಿಸಿ, ಮರಿಮಗಳ ಜೊತೆ ಅದೇ ಉಪ್ಪುನೀರಿಗೆ ಬಿಟ್ಟು, ಯಾರು ಉಳಿಯುತ್ತಾರೆಂದು ನೋಡಬಹುದು. ಆ ಮುತ್ತಜ್ಜಿಯರ ಸಾಲನ್ನೇ ಈ ಮನುಷ್ಯ ಗುಡಿಸಿ ಹಾಕಿದ್ದ.

"ಸಾಕ್ಷಿ ಅಲ್ಲ ಅಂತ ನನ್ನ ಬಾಯಲ್ಲಿ ಹೇಳ್ಸೋಕೆ ಆಗ್ಲಿಲ್ಲ ನಿಮ್ಗೆ. ಅದಕ್ಕೆ ಸಾಕ್ಷೀನೇ ಚರಂಡಿಗೆ ಬಿಟ್ರಾ?" ಅವಳ ದನಿ ಕಾರಿಡಾರಿನವರೆಗೂ ಕೇಳಿಸಿತು. ಕೇಳಿಸಲಿ. "ಇವು ಉಪ್ಪಲ್ಲಿ ಬದುಕ್ತವೆ ಅಂತಷ್ಟೇ ಇನ್ನು ತೋರಿಸಬಹುದು. ಮೊದಲಿಂದ್ಲೂ ಹೀಗೇ ಇದ್ವು ಅಂತ ನಿಮ್ಮ ಅಧ್ಯಕ್ಷರು ಅಂದ್ರೆ ಪಕ್ಕದಲ್ಲಿ ಏನಿಡ್ಲಿ? ನಿಮ್ಮ ತಲೆ ಇಡ್ಲಾ?"

"ಬರೆದಿಟ್ಟಿದ್ದು ಇದೆಯಲ್ಲ..."

"ಬರೆದಿದ್ದನ್ನ ನಂಬೋರಾಗಿದ್ರೆ ಮಾತು ಇಲ್ಲೀತನಕ ಬರ್ತಿತ್ತಾ? ಒಂದು ಫೋನ್ ಮಾಡಿ ಕೇಳೋಕೆ ಏನಾಗಿತ್ತು?"

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು.

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದರು.

ಅವಳಿಗೆ ಇನ್ನು ಕೂಗಬೇಕೆನಿಸಲಿಲ್ಲ. ಫ್ರೀಜರಿನ ಬಾಗಿಲು ಮುಚ್ಚಿ ಪ್ಲಗ್ಗು ಹಾಕಿದಳು. ಕೈ ತೊಳೆದು ಬರ್ನರ್ ಹಚ್ಚಿದಳು. ಇವತ್ತಿನ ಕೊಳವೆಗಳಿಂದಲೇ ಒಂದಿಷ್ಟು ತೆಗೆದು ಪುಟ್ಟ ಸೀಸೆಗಳಿಗೆ ತುಂಬಿ, ಹಿಮದಲ್ಲಿ ಸಾಯದಿರಲೆಂದು ಗ್ಲಿಸರಿನ್ ಬೆರೆಸಿ, ಮುಚ್ಚಳ ಬಿಗಿದಳು. ಚೀಟಿಯ ಮೇಲೆ 'ಮುತ್ತಜ್ಜಿ' ಎಂದು ಬರೆದು ಇವತ್ತಿನ ತಾರೀಖು ಹಾಕಿದಳು. ಸೀಸೆಗಳ ತಟ್ಟೆಯನ್ನು ಫ್ರೀಜರಿನ ಮುಂದಿನ ಸ್ಟೂಲಿನ ಮೇಲಿಟ್ಟು ಕಾಯುತ್ತ ಕೂತಳು. ಫ್ರೀಜರಿನ ಬಾಗಿಲ ಮೇಲಿನ ತಾಪಮಾನದ ಅಂಕಿ ಒಂದೊಂದೇ ಇಳಿಯತೊಡಗಿತು.

ಭಾವ ಹತ್ತಿರ ಬಂದು, ತಟ್ಟೆ ಹಿಡಿದುಕೊಳ್ಳಲೇ ಎನ್ನುವಂತೆ ಕೈ ಚಾಚಿದರು. ಅವಳು ತಟ್ಟೆಯನ್ನು ಎತ್ತಿ ತನ್ನ ಮಡಿಲಿಗೆ ಇಟ್ಟುಕೊಂಡಳು.