ಮೂರು ಸಲ ಹಿಡಿದ ನೀರು

ಮೂರನೆಯ ಸಲವೂ ಪ್ರಯೋಗಾಲಯದಿಂದ ಅಂಥದೇ ಉತ್ತರ ಬಂದಾಗ ರಸಾಯನ ತಜ್ಞೆ ಕಾಗದವನ್ನು ಮೇಜಿನ ಮೇಲೆ ಕುಕ್ಕಿದಳು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡ ಹೆಂಗಸು; ಈಗಂತೂ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

ಆರು ವರ್ಷದಿಂದ ಅವಳು ಒಂದು ಬಿಸಿನೀರಿನ ಬುಗ್ಗೆಯ ಬೆನ್ನು ಹತ್ತಿದ್ದಳು. ಅದು ಸಾವಿರಾರು ವರ್ಷ ಹಿಂದಿನ ಮಳೆ, ತೆಗೆದರೆ ಮತ್ತೆ ತುಂಬುವುದಿಲ್ಲ ಎಂಬುದು ಅವಳ ವಾದ. ನೀರಿನಲ್ಲಿ ಕರಗಿದ ಸಿಲಿಕಾ, ಲವಣಗಳೆಲ್ಲ ಹೂಂಗುಟ್ಟಿದ್ದವು. ಅಡ್ಡಗಾಲು ಹಾಕಿದ್ದು, ವರ್ಷ ಕಳೆದಂತೆ ತಾನಾಗಿ ನಶಿಸುವ ವಿಕಿರಣಶೀಲ ಜಲಜನಕ, ಟ್ರಿಟಿಯಂ ಒಂದೇ. ಹೊಸ ಮಳೆಯಲ್ಲಿ ಅದು ಚೂರು ಇರುತ್ತದೆ, ಹಳೆಯ ನೀರಿನಲ್ಲಿ ಇರಲೇಬಾರದು. ಇವಳ ಬಾಟಲಿಗಳಲ್ಲಿ ಮಾತ್ರ ಮೊನ್ನೆಯ ಮಳೆಯಷ್ಟೇ ಇತ್ತು! ಅಂತರ್ಜಲ ಸಮಿತಿಯ ಸೋಮವಾರದ ಸಭೆ ಇದನ್ನು ನಂಬಿದರೆ ಬುಗ್ಗೆಯ ಸುತ್ತ ಹನ್ನೆರಡು ಕೊಳವೆಬಾವಿಗೆ ಅಪ್ಪಣೆ ಸಿಗುತ್ತಿತ್ತು.

ತಪ್ಪು ಯಾರದೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಇಪ್ಪತ್ತು ವರ್ಷದಿಂದ ನೀರು ಹಿಡಿಯುತ್ತಿದ್ದವನನ್ನು ಎಲ್ಲರೂ ಬಿರಡೆ ಎನ್ನುತ್ತಿದ್ದರು. ಅವನು ಹಾಕಿದ ಮುಚ್ಚಳವೂ ಸೋರದು, ಬಾಯಿಯೂ ಸೋರದು. ಬುಗ್ಗೆಯ ಬಳಿ ಅವನು ಬಾಟಲಿ ಹಿಡಿದು ಕೇಳುತ್ತಿದ್ದುದು ಒಂದೇ ಮಾತು, "ಗಂಟೆ ಎಷ್ಟು ಮೇಡಂ?" ಚೀಟಿಯ ಮೇಲೆ ಬರೆಯಬೇಕಲ್ಲ. ಅವಳು ಸಿಡುಕುತ್ತಾ ಬಗ್ಗಿ ಗಡಿಯಾರ ನೋಡಿ ಹೇಳುತ್ತಿದ್ದಳು.

"ನಲ್ಲಿ ನೀರಲ್ಲಿ ತೊಳೆದ್ಯಾ?" ಎಂದು ಎರಡನೆಯ ಸಲ ಗದರಿದ್ದಳು.

"ಇಲ್ಲ ಮೇಡಂ."

ಮೂರನೆಯ ಸಲ ಅವನನ್ನು ಬಿಟ್ಟು ತಾನೊಬ್ಬಳೇ ಹೋದಳು. ಟ್ರಿಟಿಯಂ ಇನ್ನೂ ಏರಿತು. ಬಾಟಲಿ ತೊಳೆದವನು ಅವನೇ ತಾನೇ! 'ಕೆಲಸಗಾರನ ನಿರ್ಲಕ್ಷ್ಯ' ಎಂದು ವರದಿಯಲ್ಲಿ ಬರೆದು, ಮಿಕ್ಕ ಬಾಟಲಿಗಳನ್ನು ತೋರಿಸೆಂದು ಅವನನ್ನು ಉಗ್ರಾಣಕ್ಕೆ ಎಳೆದುಕೊಂಡು ಹೋದಳು.

ಉಗ್ರಾಣಕ್ಕೆ ಕಿಟಕಿಯಿಲ್ಲ, ಬಲ್ಬು ಸುಟ್ಟುಹೋಗಿತ್ತು. ಅವಳು ಕಪಾಟಿಗೆ ಕೈ ಚಾಚಿದಳು.

"ಮೇಡಂ," ಎಂದ ಬಿರಡೆ ಮೆಲ್ಲಗೆ, "ನಿಮ್ಮ ಕೈ ಹೊಳೀತಿದೆ."

ಈ ವರ್ಷ ಹುಟ್ಟುಹಬ್ಬಕ್ಕೆ ಅಕ್ಕ ಕೊಟ್ಟ ಹಳೇ ಕಾಲದ ಗಡಿಯಾರ. ಕತ್ತಲಲ್ಲಿ ಅದರ ಅಂಕಿಗಳು ಹಸಿರಾಗಿ ಉರಿಯುತ್ತಿದ್ದವು. ಮಲಗುವ ಮುಂಚೆ ಬಿಚ್ಚಿ ಡ್ರಾಯರಿಗೆ ಹಾಕುವವಳು ಆ ಹೊಳಪನ್ನು ಕಂಡೇ ಇರಲಿಲ್ಲ.

ಬಾಗಿಲ ಹೊರಮೈಗೆ ಅಂಟಿಸಿದ ಸೂಚನೆಗಳಲ್ಲಿ ನಾಲ್ಕನೆಯದು ಅವಳದೇ ಕೈಬರಹದಲ್ಲಿತ್ತು: ಹೊಳೆಯುವ ಗಡಿಯಾರ ಕಟ್ಟಿಕೊಂಡು ನೀರು ಹಿಡಿಯಬಾರದು, ಅದರ ಬಣ್ಣದಲ್ಲಿ ಟ್ರಿಟಿಯಂ ಇರುತ್ತದೆ. ಅದನ್ನು ಅಂಟಿಸಿದ ದಿನದಿಂದ ಬಿರಡೆ ಯಾವ ಗಡಿಯಾರವನ್ನೂ ಕಟ್ಟಿರಲಿಲ್ಲ. ಅದಕ್ಕೇ ಗಂಟೆ ಕೇಳುತ್ತಿದ್ದದ್ದು. ಅವಳು ತೆರೆದ ಬಾಟಲಿಯ ಮೇಲೇ ಬಗ್ಗಿ ಹೇಳುತ್ತಿದ್ದದ್ದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ಇವಳು ಹುಡುಕಿದ್ದಷ್ಟೇ ಅಲ್ಲ, ಪಕ್ಕದಲ್ಲಿದ್ದವನ ಮೇಲೆ ತಪ್ಪನ್ನೂ ಹೊರಿಸಿದ್ದಳು.

ಮತ್ತೆ ನೀರು ಹಿಡಿದು ಕಳಿಸಿದರೆ ಉತ್ತರ ಬರಲು ಎರಡು ತಿಂಗಳು ಬೇಕು. ಸೋಮವಾರಕ್ಕೆ ಉಳಿದಿದ್ದು ಮೂರು ದಿನ. ಮೂರೂ ಫಲಿತಾಂಶ ಸುಳ್ಳೆಂದು ಸಭೆ ಒಪ್ಪಬೇಕಾದರೆ, ಕೆಡಿಸಿದವರು ಯಾರು, ಹೇಗೆ ಎಂದು ಎದ್ದುನಿಂತು ಹೇಳಲೇಬೇಕು. ಮೇಜಿಗೆ ಮರಳಿ 'ಕೆಲಸಗಾರನ' ಎಂಬುದನ್ನು ಹೊಡೆದುಹಾಕಿ, ಮೇಲೆ 'ನನ್ನ' ಎಂದು ಬರೆದಳು. ಗಡಿಯಾರ ಬಿಚ್ಚಿ ಹೊರಗಿನ ಕಟ್ಟೆಯ ಮೇಲಿಟ್ಟು ಬಿರಡೆಯ ಬಳಿಗೆ ಬಂದಳು.

"ತಪ್ಪಾಯ್ತು," ಎಂದಳು. "ಸೋಮವಾರ ಸಭೆಗೆ ನೀನೂ ಬಾ. ನಿನ್ನೆದುರಿಗೇ ಹೇಳ್ತೀನಿ."

ಬಿರಡೆ ಬಾಟಲಿ ಜೋಡಿಸುತ್ತಲೇ ತಲೆಯಾಡಿಸಿದ. "ಬರ್ತೀನಿ. ಎಷ್ಟು ಗಂಟೆಗೆ?"

ಅಭ್ಯಾಸಬಲದಿಂದ ಅವಳು ಮಣಿಕಟ್ಟು ತಿರುಗಿಸಿದಳು. ಅಲ್ಲಿ ಪಟ್ಟಿಯ ಬಿಳಿ ಗುರುತು ಮಾತ್ರ ಇತ್ತು.