ನನ್ನನ್ನು ಗಿಡಕ್ಕೆ ಕಟ್ಟದೆ ಬಿಟ್ಟ ದಿನ

ನಾನು ಒಂದು ಮರದ ದೋಣಿ. ಹೆಬ್ಬಲಸಿನ ಹಲಗೆ ಜೋಡಿಸಿ, ಸಂದುಗಳಿಗೆ ಹತ್ತಿ ತುರುಕಿ, ಮೈಗೆಲ್ಲ ಗೇರೆಣ್ಣೆ ಬಳಿದು ನನ್ನನ್ನು ನದಿಯ ದಡದಲ್ಲೇ ಕಟ್ಟಿದರು. ನೀರಿಗಿಳಿಸುವಾಗ ಬಡಗಿ ಹೇಳಿದ ಮಾತು ಇನ್ನೂ ನೆನಪಿದೆ: ದೋಣಿಗೆ ಬಾಯಿಲ್ಲ, ಅದರ ಮೇಲೆ ಕಣ್ಣಿರಬೇಕು.

ಮೊದಲ ಯಜಮಾನ ನನ್ನಲ್ಲಿ ಮರಳು ಹೇರಿದ. ಅಂಚಿನವರೆಗೂ ಹೇರುತ್ತಿದ್ದ, ಪ್ರತಿ ಸಲವೂ ಮುಳುಗಿಯೇ ಹೋದೆ ಎಂದುಕೊಳ್ಳುತ್ತಿದ್ದೆ. ಮರಳು ತೆಗೆಯುವುದಕ್ಕೆ ತಡೆ ಬಿದ್ದಾಗ ವಾಮನ ತಿಂಗಳಾಯರ ಕೈಗೆ ಬಂದೆ. ಅವರು ಅಳಿವೆಯ ಮರಳ ದಿಬ್ಬಕ್ಕೆ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕುವವರನ್ನು ಕರೆದೊಯ್ಯುತ್ತಿದ್ದರು. ಅಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆದ ಕಾಂಡ್ಲಾ ಗಿಡವೊಂದಕ್ಕೆ ನನ್ನ ಹಗ್ಗ ಕಟ್ಟುತ್ತಿದ್ದರು. ಕಟ್ಟಿದರೆ ನನಗೆ ನೆಮ್ಮದಿ.

ಆಮೇಲೆ ಸುಗುಣಾ ಟೀಚರ್ ಬಂದರು. ಊರ ಚರ್ಚಿನ ಸಂಡೇ ಸ್ಕೂಲ್ ನಡೆಸುವವರು. ದೇವರು ಮನುಷ್ಯನಿಗೆ ತೋಟ ಕಾಯುವ ಕೆಲಸ ಕೊಟ್ಟ ಎಂದು ನಾಲ್ಕು ಗೋಡೆಗಳ ನಡುವೆ ಪಾಠ ಮಾಡಿ ಅವರಿಗೆ ಸಾಕಾಗಿತ್ತು. ತೋಟವನ್ನೇ ತೋರಿಸುತ್ತೇನೆಂದು ಬೇರೆ ಊರಿನ ಚರ್ಚುಗಳ ಮಕ್ಕಳನ್ನೂ ಕರೆಸಿ, ನನ್ನಲ್ಲಿ ಕೂರಿಸಿ ದಿಬ್ಬಕ್ಕೆ ಪ್ರವಾಸ ಹೊರಡಿಸಿದರು. ಏನನ್ನೂ ಕೀಳಬಾರದು, ಏನನ್ನೂ ಎಸೆಯಬಾರದು ಎಂಬುದು ಅವರ ನಿಯಮ. ಒಂದು ದಿನ ಅವರ ಕಣ್ಣು ನನ್ನ ಹಗ್ಗದ ಮೇಲೆ ಬಿತ್ತು.

“ಗಿಡಕ್ಕೆ ಕಟ್ಟೋದು ಬೇಡ ವಾಮನಣ್ಣ. ಸಿಪ್ಪೆ ಸುಲಿದು ಹೋಗಿದೆ, ನೋಡಿ. ಮಕ್ಕಳಿಗೆ ಒಂದು ಹೇಳಿ ನಾವು ಇನ್ನೊಂದು ಮಾಡ್ಲಿಕ್ಕೆ ಆಗ್ತದಾ?”

“ಅಡ್ಡಿಲ್ಲ ಟೀಚರೇ. ದೋಣಿ ಓಡಿಹೋದ್ರೆ ನಿಮ್ಮ ದೇವರೇ ಈಜಿ ತರ್ಬೇಕು.”

ವಾಮನಣ್ಣ ಬಿದಿರ ಗಳವೊಂದನ್ನು ಮರಳಿಗೆ ಊರಿ ಅದಕ್ಕೆ ಕಟ್ಟತೊಡಗಿದರು. ಅಂದಿನಿಂದ ನನ್ನ ನೆಮ್ಮದಿ ಹೋಯಿತು.

ಈ ನಡುವೆ ಚರ್ಚಿನ ಹಿರಿಯರು ಗೊಣಗಿದರು. ಇದು ಭಕ್ತಿಯೋ ಮೋಜೋ? ನೋಡಿ ತೀರ್ಮಾನಿಸಲು ಸಭಾಪಾಲಕರಾದ ಸಾಲಿನ್ಸ್ ಅಯ್ಯನವರೇ ಒಮ್ಮೆ ಮಕ್ಕಳೊಂದಿಗೆ ಹೊರಟರು. ಅವರು ಬೇಡವೆಂದರೆ ಪ್ರವಾಸ ಅಲ್ಲಿಗೇ ನಿಲ್ಲುತ್ತಿತ್ತು. ಅಂದು ಹುಣ್ಣಿಮೆ. ಭರತದ ನೀರು ಎಂದಿಗಿಂತ ಮೇಲೇರುವ ದಿನ.

ದಿಬ್ಬದ ಮೇಲೆ ಪಾಠ ಮುಗಿಯಿತು, ಅವಲಕ್ಕಿಯೂ ಮುಗಿಯಿತು. ಅಯ್ಯನವರು ಪ್ರಾರ್ಥನೆ ಆರಂಭಿಸಿದರು. ಮಕ್ಕಳೆಲ್ಲ ಕಣ್ಣು ಮುಚ್ಚಿದರು. ವಾಮನಣ್ಣ ಆ ಚರ್ಚಿನವರಲ್ಲ. ಆದರೂ ಗೌರವಕ್ಕೆ ಕೈಮುಗಿದು ಕಣ್ಣು ಮುಚ್ಚಿದರು. ಅಯ್ಯನವರ ಪ್ರಾರ್ಥನೆ ಉದ್ದಕ್ಕೆ ಹೆಸರಾದದ್ದು. ಆಕಾಶಕ್ಕೆ ಸ್ತೋತ್ರವಾಯಿತು, ಮೀನಿಗಾಯಿತು, ಹಕ್ಕಿಗಾಯಿತು, ಮಕ್ಕಳನ್ನು ಕರೆತಂದ ಬಸ್ಸಿನ ಡ್ರೈವರನಿಗೂ ಆಯಿತು.

ನೀರು ನನ್ನ ಹೊಟ್ಟೆ ಮುಟ್ಟಿತು. ನಾನು ಎದ್ದೆ. ಗಳ ವಾಲಿತು, ಕಿತ್ತುಬಂತು. ಮೆಲ್ಲನೆ ಹಿಂದೆ ಸರಿಯತೊಡಗಿದೆ. ಸುತ್ತ ಬೇರೆ ದೋಣಿಯಿರಲಿಲ್ಲ. ದಿಬ್ಬ ಕಣ್ಣೆದುರೇ ಕಿರಿದಾಗುತ್ತಿತ್ತು. ಮಕ್ಕಳು ಬಿಚ್ಚಿಟ್ಟ ಚಪ್ಪಲಿಗಳಲ್ಲಿ ಒಂದು ತೇಲಿ ನನ್ನ ಜೊತೆಗೇ ಹೊರಟಿತು. ಕೂಗಲು ನನಗೆ ಬಾಯಿಲ್ಲ. ಪ್ರಾರ್ಥನೆ ಮುಗಿಸುವ ಆಮೆನ್ ಬರಲೇ ಇಲ್ಲ.

ನನ್ನ ತಲೆಯ ಮೇಲೆ ಮಿಂಚುಳ್ಳಿಯೊಂದು ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ನೀರು ನೋಡುತ್ತಿತ್ತು. ಅದನ್ನು ನೋಡುವ ಆಸೆಗೆ ಒಬ್ಬರ ಕಣ್ಣು ತೆರೆದಿತ್ತು: ಟೀಚರರದು. ಹಕ್ಕಿಯಿಂದ ಇಳಿದ ನೋಟ ನನ್ನ ಮೇಲೆ ಬಿತ್ತು. ತುಟಿ ಅಲುಗಿತು, ಮತ್ತೆ ಮುಚ್ಚಿತು. ಸಭಾಪಾಲಕರ ಪ್ರಾರ್ಥನೆಯನ್ನು ನಡುವೆ ತಡೆದವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ತಡೆದರೆ, ಇವರಿಗೆ ಭಕ್ತಿಯಿಲ್ಲ ಎನ್ನಲು ಹಿರಿಯರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಇನ್ನೊಂದು ಮಾರು ದೂರ ಹೋದೆ. ಟೀಚರ್ ಬಾಯಿ ತೆರೆದರು:

“ಅಯ್ಯನವರೇ, ನಿಲ್ಸಿ. ದೋಣಿ ಹೋಗ್ತಾ ಉಂಟು.”

ವಾಮನಣ್ಣ ಉಟ್ಟ ಬಟ್ಟೆಯಲ್ಲೇ ಹಾರಿದರು. ಎದೆಮಟ್ಟದ ನೀರಿನಲ್ಲಿ ನನ್ನ ಹಗ್ಗದ ತುದಿ ಅವರ ಕೈಗೆ ಸಿಕ್ಕಿತು. ಕೊನೆಯ ಮಗುವನ್ನು ಹತ್ತಿಸುವಾಗ ದಿಬ್ಬದ ಮೇಲೆ ಮೊಣಕಾಲುದ್ದ ನೀರಿತ್ತು.

ಮರಳುವಾಗ ಟೀಚರ್ ತಲೆ ತಗ್ಗಿಸಿ ಕುಳಿತಿದ್ದರು. ಅಯ್ಯನವರು ಪ್ಯಾಂಟಿನ ಅಂಚು ಹಿಂಡಿ ಮುಗಿಸಿ ಕೇಳಿದರು:

“ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟಿದ್ರಾ ಟೀಚರೇ?”

“ಹೌದು ಅಯ್ಯನವರೇ.”

“ಮುಂದಿನ ಸಲವೂ ಬಿಡಿ.”

ಈಗ ನನ್ನ ಹಲಗೆಗಳನ್ನು ಹುಳ ತಿಂದಿದೆ. ಚರ್ಚಿನ ಅಂಗಳದಲ್ಲಿ ಬೋರಲು ಬಿದ್ದಿದ್ದೇನೆ. ಸಂಡೇ ಸ್ಕೂಲಿನ ಮಕ್ಕಳು ನನ್ನ ಬೆನ್ನ ಮೇಲೆ ಕೂರುತ್ತಾರೆ. ದಿಬ್ಬದ ಕಾಂಡ್ಲಾ ಗಿಡ ಮರವಾಗಿದೆಯಂತೆ. ಪ್ರವಾಸಕ್ಕೆ ಹೊಸ ದೋಣಿಯಿದೆ, ಅದಕ್ಕೆ ಕಬ್ಬಿಣದ ಲಂಗರೂ ಇದೆ. ಆದರೂ ಪ್ರಾರ್ಥನೆಯ ಹೊತ್ತಿಗೆ ಸರದಿಯಂತೆ ಒಬ್ಬರು ಕಣ್ಣು ತೆರೆದಿರಬೇಕೆಂಬ ರೂಢಿ ಉಳಿದಿದೆ, ಈ ಅಂಗಳದಲ್ಲೂ. ಇಲ್ಲಿ ನೀರು ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಪ್ರತಿ ಭಾನುವಾರ ಆ ಒಂದು ಜೊತೆ ಕಣ್ಣನ್ನು ಹುಡುಕುತ್ತೇನೆ. ಸಿಕ್ಕಿದ ಮೇಲೆಯೇ ನನಗೆ ಆಮೆನ್.